ಮೈಕೈ ನೋವು ಮತ್ತು ಫೈಬ್ರೊಮಯಾಲ್ಜಿಯಾ: ವೈದ್ಯೆಗೆ ಪ್ರಶ್ನೆಗಳು

ಸದಸ್ಯೆ, ಬಳ್ಳಾರಿ: ಮೇಡಂ, ನಾನು ಜೀನ್ಸ್ ಹೊಲಿಯುವ ಕೆಲಸದಲ್ಲಿದ್ದೇನೆ. ಫೈಬ್ರೊಮಯಾಲ್ಜಿಯಾ ಎಂದು ಹೇಳಿದ್ದಾರೆ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲವೂ ಸರಿಯಾಗಿವೆ. ಆದರೂ ಭುಜ, ಸೊಂಟ, ತೊಡೆ ಎಲ್ಲಿ ಮುಟ್ಟಿದರೂ ನೋವು. ಮನೆಯವರು ನೆಪವೆನ್ನುತ್ತಾರೆ. ಮನೆಯಲ್ಲಿ ಏನು ಮಾಡಬಹುದು?

ವೈದ್ಯೆ: ಇದು ನೆಪವಲ್ಲ, ತಾಯಿ. ಮಿದುಳು ಮತ್ತು ಬೆನ್ನುಹುರಿ ನೋವನ್ನು ಹೆಚ್ಚಿಸಿ ಗ್ರಹಿಸುತ್ತಿರುವುದರಿಂದ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಹೆಚ್ಚು ಫಲ ಕೊಡುವುದು ನಿಧಾನವಾಗಿ ಏರಿಸಿದ ವ್ಯಾಯಾಮ. ಮೊದಲ ವಾರ ದಿನಕ್ಕೆ 5 ನಿಮಿಷ ನಡೆಯಿರಿ, ನೋವು ಕೆರಳದಿದ್ದರೆ ಮುಂದಿನ ವಾರ ಒಂದೆರಡು ನಿಮಿಷ ಹೆಚ್ಚಿಸಿ, ಬಿಸಿಲೇರುವ ಮೊದಲೇ ಮುಗಿಸಿ. ನೋವು ತಗ್ಗಿದ ದಿನ ವಾರದ ಕೆಲಸವನ್ನೆಲ್ಲ ಮುಗಿಸಲು ಹೋಗಿ ಮರುದಿನ ಹಾಸಿಗೆ ಹಿಡಿಯುವವರೇ ಹೆಚ್ಚು. ರೊಟ್ಟಿ ಬಡಿಯುವಾಗ ಐದಾರು ಬಡಿದು, ತೋಳು ಇಳಿಬಿಟ್ಟು ಸ್ವಲ್ಪ ಕುಳಿತು, ಮತ್ತೆ ಬಡಿಯಿರಿ. ಬಿಸಿನೀರಿನ ಸ್ನಾನ ಹಿತ ಕೊಡುತ್ತದೆ. ಏಳುವ ಹೊತ್ತು ದಿನವೂ ಒಂದೇ ಇರಲಿ. ಸಂಜೆಯ ನಂತರ ಚಹಾ ಬೇಡ.

ಸದಸ್ಯ, ಸಿಂಧನೂರು: ಅರಿಶಿನದ ಹಾಲಿನಿಂದ ಗುಣವಾಗುತ್ತದೆಯೇ?

ವೈದ್ಯೆ: ಕುಡಿಯಿರಿ, ಆದರೆ ಅದರಿಂದ ಗುಣವಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅರಿಶಿನದ ಕ್ಯಾಪ್ಸೂಲ್ ಮುಟ್ಟಬಾರದು.

ಸದಸ್ಯೆ, ಕೊಪ್ಪಳ: ಈ ಕಾಯಿಲೆಗೆ ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆಯೇ?

ಸದಸ್ಯ, ಕುಷ್ಟಗಿ ತಾಲ್ಲೂಕು: ನನ್ನ ತಾಯಿಗೂ ಇದೇ ಕಾಯಿಲೆ ಎಂದಿದ್ದಾರೆ. ಅವರು ಕುತ್ತಿಗೆ ತಿರುಗಿಸಲಾರರು, ಬಗ್ಗಿ ನೆಲ ಮುಟ್ಟಲಾರರು. ಊರಿನ ಕೊಳವೆಬಾವಿಯ ನೀರನ್ನೇ ಕುದಿಸಿ ಕುಡಿಯುತ್ತೇವೆ. ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ.

ವೈದ್ಯೆ: ನಿಮ್ಮ ಪ್ರಶ್ನೆ ನನ್ನನ್ನು ಚಿಂತೆಗೀಡು ಮಾಡಿದೆ. ಫೈಬ್ರೊಮಯಾಲ್ಜಿಯಾದಲ್ಲಿ ನೋವಿರುತ್ತದೆ, ಆದರೆ ಬೆನ್ನು, ಕುತ್ತಿಗೆ ಹೀಗೆ ಬಿಗಿದುಕೊಂಡು ನಿಲ್ಲುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಅದನ್ನು ವರ್ಷಗಟ್ಟಲೆ ಕುಡಿದವರಲ್ಲಿ ಎಲುಬುಗಳು ಗಡುಸಾಗಿ, ಅವುಗಳನ್ನು ಹಿಡಿದಿಡುವ ತಂತುಗಳಲ್ಲಿ ಸುಣ್ಣ ಸೇರಿಕೊಳ್ಳುತ್ತದೆ; ಆರಂಭದಲ್ಲಿ ಅದು ಬರೀ ಮೈಕೈ ನೋವಿನಂತೆಯೇ ಕಾಣುತ್ತದೆ. ಮಕ್ಕಳ ಹಲ್ಲಿನ ಗೆರೆಗಳು ನನ್ನ ಅನುಮಾನವನ್ನು ಹೆಚ್ಚಿಸುತ್ತಿವೆ. ತಾಯಿಯವರ ಬೆನ್ನು, ಸೊಂಟ ಮತ್ತು ಮುಂಗೈಯ ಎಕ್ಸ್‌ರೇ ತೆಗೆಸಿ. ಪಂಚಾಯಿತಿಯಲ್ಲಿ ವಿಚಾರಿಸಿ ನೀರಿನ ಪರೀಕ್ಷೆ ಮಾಡಿಸಿ. ಬೇರೆ ನೀರು ಸಿಗದ ಕಡೆಗೂ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡೇ ಮೇಲ್ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಫಲಿತಾಂಶ ಬರುವವರೆಗೆ ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಸದಸ್ಯ, ಸಿರುಗುಪ್ಪ: ಎಕ್ಕದ ಎಲೆಯನ್ನು ಕಾಯಿಸಿ 7 ದಿನ ಕಟ್ಟಿದರೆ ಎಲ್ಲ ನೋವೂ ಹೋಗುತ್ತದೆ ಎಂಬ ಸಂದೇಶ ಬಂದಿದೆ.

ವೈದ್ಯೆ: ಎಕ್ಕದ ಹಾಲು ಚರ್ಮಕ್ಕೆ ತಗುಲಿದರೆ ಗುಳ್ಳೆಗಳೇಳಬಹುದು, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಇಂತಹ ಸಂದೇಶಗಳನ್ನು ಇಲ್ಲಿಗೆ ತರಬೇಡಿ.

ಸದಸ್ಯ, ಸಿರುಗುಪ್ಪ: ನಮ್ಮ ಹಿರಿಯರೆಲ್ಲ ಕಟ್ಟುತ್ತಿದ್ದರು. ಇಂಗ್ಲಿಷ್ ಔಷಧಿಯವರಿಗೆ ನಾಟಿ ಔಷಧವೆಂದರೆ ಮೊದಲಿನಿಂದಲೂ ಆಗುವುದಿಲ್ಲ.

ಸದಸ್ಯೆ, ಮಾನ್ವಿ: ಹಿರಿಯರ ಮಾತು ಬಿಡಿ ಅಣ್ಣಾವ್ರೇ. ನಮ್ಮ ಅತ್ತೆಯವರ ಮೊಣಕಾಲಿಗೆ ಅದನ್ನೇ ಕಟ್ಟಿ ಚರ್ಮ ಸುಲಿದಿತ್ತು.

ಸದಸ್ಯ, ಸಿರುಗುಪ್ಪ: ಕಟ್ಟುವ ಕ್ರಮ ಗೊತ್ತಿಲ್ಲದವರು ಮಾಡಿದರೆ ಹಾಗಾಗುತ್ತದೆ. ನಾನು ಒಬ್ಬರ ಬಳಿ ಕರಿ ಪುಡಿ ತರುತ್ತಿದ್ದೇನೆ, 3 ದಿನದಲ್ಲೇ ನೋವು ನಿಂತಿದೆ.

ಸದಸ್ಯೆ, ಮಾನ್ವಿ: ಹಾಗಾದರೆ ವೈದ್ಯರನ್ನು ಏಕೆ ಕೇಳುತ್ತೀರಿ?

ಸದಸ್ಯ, ಸಿಂಧನೂರು: ಮೇಡಂ, ಅರಿಶಿನವನ್ನು ಎಷ್ಟು ಹಾಕಬೇಕು?

ವೈದ್ಯೆ: ಮೇಲೆ ಉತ್ತರಿಸಿದ್ದೇನೆ.

ಸದಸ್ಯೆ, ಕೊಪ್ಪಳ: ಪ್ರಮಾಣಪತ್ರದ ಬಗ್ಗೆ ಯಾರೂ ಹೇಳಲಿಲ್ಲ.

ವೈದ್ಯೆ: ಸಿರುಗುಪ್ಪದವರೇ, ವಾದ ಸಾಕು. ಹೆಸರಿಲ್ಲದ ಪುಡಿಯಿಂದ 3 ದಿನದಲ್ಲಿ ನೋವು ನಿಂತಿದ್ದರೆ ಅದರಲ್ಲಿ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ಬೆರೆಸಿರುವ ಸಾಧ್ಯತೆಯಿದೆ. ಮುಖ ಊದಿಕೊಂಡಿದೆಯೇ, ಸಕ್ಕರೆ ಮತ್ತು ರಕ್ತದೊತ್ತಡ ಏರಿವೆಯೇ ಎಂದು ನೋಡಿಸಿ. ಹಲವು ವಾರಗಳಿಂದ ತಿನ್ನುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಅದೂ ಜೀವಕ್ಕೆ ಅಪಾಯ. ಪುಡಿಯ ಪೊಟ್ಟಣವನ್ನು ಹಿಡಿದುಕೊಂಡು ನಾಳೆಯೇ ಹತ್ತಿರದ ವೈದ್ಯರ ಬಳಿ ಹೋಗಿ.