ಸಿದ್ಧತೆಗೆ 1200 ಮಿ.ಸೆ. ಕೊಟ್ಟರೂ ಸ್ವಿಚ್ ಕಾಸ್ಟ್ ಇಳಿಯುತ್ತಿಲ್ಲ, ಯಾಕೆ?

ಪ್ರಶ್ನೆ

ಎಂ.ಎಸ್ಸಿ. ಪ್ರಾಕ್ಟಿಕಲ್‌ಗೆ ಸೈಕೋಪೈನಲ್ಲಿ (ಮನೋವಿಜ್ಞಾನದ ಪ್ರಯೋಗ ನಡೆಸುವ ತಂತ್ರಾಂಶ) ಬರೆದ ಟಾಸ್ಕ್ ಸ್ವಿಚಿಂಗ್ ಪ್ರಯೋಗ. ಒಂದು ಟಾಸ್ಕಿನಿಂದ ಇನ್ನೊಂದಕ್ಕೆ ಬದಲಾದಾಗ ಉತ್ತರ ಎಷ್ಟು ತಡವಾಗುತ್ತದೋ ಅದೇ ಸ್ವಿಚ್ ಕಾಸ್ಟ್. ಪರದೆಯಲ್ಲಿ ನಾಲ್ಕು ಮನೆಯ ಚೌಕ. "ಕ4", "ಎ7" ಥರದ ಜೋಡಿಗಳು ಒಂದಾದ ಮೇಲೊಂದು ಮನೆಯಲ್ಲಿ ಪ್ರದಕ್ಷಿಣವಾಗಿ ಬರುತ್ತವೆ. ಮೇಲಿನ ಎರಡು ಮನೆಯಲ್ಲಿ ಬಂದರೆ ಸ್ವರವೋ ವ್ಯಂಜನವೋ, ಕೆಳಗಿನ ಎರಡರಲ್ಲಿ ಬಂದರೆ ಅಂಕಿ ಸಮವೋ ಬೆಸವೋ ನೋಡಿ ಕೀ ಒತ್ತಬೇಕು. ಎರಡು ಟಾಸ್ಕಿಗೂ ಅವೇ ಎರಡು ಕೀ. ಉತ್ತರ ಕೊಟ್ಟ ಮೇಲೆ ಮುಂದಿನ ಜೋಡಿ ಬರುವವರೆಗಿನ ಅಂತರ 150, 300, 450, 600 ಅಥವಾ 1200 ಮಿ.ಸೆ.; ಪ್ರತಿ ಟ್ರಯಲ್‌ಗೂ (ಒಂದು ಜೋಡಿ, ಒಂದು ಉತ್ತರ) ರ್‍ಯಾಂಡಮ್. ಮುಂದಿನ ಟಾಸ್ಕ್ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಆದರೂ 1200ರಲ್ಲೂ 150ರಲ್ಲಿದ್ದಷ್ಟೇ ಕಾಸ್ಟ್. ಕೋಡ್ ತಪ್ಪೇ, ಲೆಕ್ಕ ತಪ್ಪೇ?

ಉತ್ತರ 1

ಕೋಡ್ ಸರಿ ಇರಬಹುದು. ತೊಡಕಿರುವುದು "ರ್‍ಯಾಂಡಮ್" ಅನ್ನುವಲ್ಲಿ. ರಾಜರ್ಸ್ ಮತ್ತು ಮಾನ್ಸೆಲ್ 1995ರಲ್ಲಿ ಇದೇ ವಿನ್ಯಾಸ ಬಳಸಿದಾಗ ಇದೇ ಕಂಡಿತು: ಅಂತರಗಳನ್ನು ಕಲಸಿ ಕೊಟ್ಟಾಗ ಕಾಸ್ಟ್ ಇಳಿಯಲಿಲ್ಲ, ಒಂದು ಬ್ಲಾಕ್‌ಗೆ (ಒಟ್ಟಿಗೆ ನಡೆಸುವ ಟ್ರಯಲ್‌ಗಳ ಕಂತು) ಒಂದೇ ಅಂತರ ಇಟ್ಟಾಗ ಇಳಿಯಿತು. ಎಷ್ಟು ಹೊತ್ತು ಸಿಗುತ್ತದೆಂಬ ಭರವಸೆ ಇಲ್ಲದಿದ್ದರೆ ಮನಸ್ಸು ಮುಂಚಿತವಾಗಿ ತಯಾರಾಗುವ ಗೋಜಿಗೇ ಹೋಗುವುದಿಲ್ಲ. ಹಾಗಾಗಿ ಐದು ಅಂತರಗಳಿಗೆ ಐದು ಬ್ಲಾಕ್ ಮಾಡಿ, ಬ್ಲಾಕ್‌ಗಳ ಕ್ರಮವನ್ನು ಒಬ್ಬರಿಂದೊಬ್ಬರಿಗೆ ಬದಲಿಸಿ. 60 ಹರ್ಟ್ಸ್ ಪರದೆಯಲ್ಲಿ ಸಮಯವನ್ನು ಫ್ರೇಮ್ ಲೆಕ್ಕದಲ್ಲಿ ಇಡಿ: 150ಕ್ಕೆ 9 ಫ್ರೇಮ್, 600ಕ್ಕೆ 36, 1200ಕ್ಕೆ 72.

ಆಗಲೂ ಸೊನ್ನೆಯಾಗುತ್ತದೆಂದು ಕಾಯಬೇಡಿ. ಅಂತರ ಸುಮಾರು 600 ಮಿ.ಸೆ. ಆಗುವವರೆಗೆ ಕಾಸ್ಟ್ ಇಳಿದು, ಆಮೇಲೆ ನಿಂತುಬಿಡುತ್ತದೆ. ಉಳಿಯುವ ಆ ಭಾಗಕ್ಕೇ ರೆಸಿಡ್ಯುಯಲ್ ಕಾಸ್ಟ್ ಎನ್ನುವುದು. ಇಡೀ ಪ್ರಯೋಗದ ಸ್ವಾರಸ್ಯ ಇರುವುದೇ ಅಲ್ಲಿ, ಅದನ್ನು ದೋಷವೆಂದು ತಿದ್ದಲು ಹೋಗಬೇಡಿ.

ಲೆಕ್ಕದಲ್ಲಿ ಎರಡು ಕಾಸ್ಟ್‌ಗಳನ್ನು ಬೆರೆಸಬಾರದು. ಬರೀ ಅಕ್ಷರ, ಬರೀ ಅಂಕಿ ಇರುವ ಬ್ಲಾಕ್‌ಗಳೂ ಬೇಕು. ಉದಾಹರಣೆಗೆ ಅಲ್ಲಿ ಉತ್ತರಕ್ಕೆ ಹಿಡಿದ ಸರಾಸರಿ ಸಮಯ 600 ಮಿ.ಸೆ., ಮಿಶ್ರ ಬ್ಲಾಕ್‌ನ ರಿಪೀಟ್ ಟ್ರಯಲ್ (ಅದೇ ಟಾಸ್ಕ್ ಮುಂದುವರಿದದ್ದು) 680, ಸ್ವಿಚ್ ಟ್ರಯಲ್ (ಟಾಸ್ಕ್ ಬದಲಾದದ್ದು) 850 ಎಂದಿಟ್ಟುಕೊಳ್ಳಿ. ಸ್ವಿಚ್ ಕಾಸ್ಟ್ 170. ಎರಡೂ ಟಾಸ್ಕನ್ನು ತಲೆಯಲ್ಲಿ ಇಟ್ಟುಕೊಂಡಿರುವುದರ ಮಿಕ್ಸಿಂಗ್ ಕಾಸ್ಟ್ 80. ಜೆರ್ಸಿಲ್ಡ್ 1927ರಲ್ಲಿ ಒಂದೇ ಟಾಸ್ಕಿನ ಪಟ್ಟಿಯನ್ನು ಟಾಸ್ಕ್ ಬದಲಾಗುತ್ತಾ ಹೋಗುವ ಪಟ್ಟಿಗೆ ಇಡಿಯಾಗಿ ಹೋಲಿಸಿದ್ದರಿಂದ ಇವೆರಡೂ ಒಂದರಲ್ಲೊಂದು ಸೇರಿಕೊಂಡಿದ್ದವು. ತಪ್ಪು ಉತ್ತರದ ಟ್ರಯಲ್ ಮಾತ್ರವಲ್ಲ, ಅದರ ನಂತರದ ಟ್ರಯಲನ್ನೂ ತೆಗೆಯಿರಿ. ತಪ್ಪಾದ ಮೇಲೆ ಜನ ಸಾಮಾನ್ಯವಾಗಿ ನಿಧಾನಿಸುತ್ತಾರೆ.

ಅಕ್ಷರಗಳ ಆಯ್ಕೆಯಲ್ಲೂ ಜೋಪಾನ. ಎ–ಏ, ಒ–ಓ, ಮ–ವ, ಪ–ಫ ಈ ಜೋಡಿಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ. ಕನ್ನಡ ಬರಹದಲ್ಲಿ ಸ್ವರಾಕ್ಷರ ಪೂರ್ಣರೂಪದಲ್ಲಿ ಬರುವುದು ಹೆಚ್ಚಾಗಿ ಪದದ ಮೊದಲಲ್ಲಿ, ಮಿಕ್ಕೆಡೆ ಕಾಗುಣಿತದ ಚಿಹ್ನೆಯಾಗಿ. ವ್ಯಂಜನದಷ್ಟು ಅದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಕೀಗಳನ್ನು ಅರ್ಧ ಜನಕ್ಕೆ ಅದಲುಬದಲು ಮಾಡಲೇಬೇಕು.

ಉತ್ತರ 2

ಮೇಲಿನದು ಸರಿ, ಆದರೆ ಆ ವಿನ್ಯಾಸದಲ್ಲಿ ಒಂದು ಗೋಜಲು ಉಳಿಯುತ್ತದೆ. ಅಂತರ ಹೆಚ್ಚಿದಂತೆ ಸಿದ್ಧತೆಗೆ ಸಮಯ ಸಿಗುತ್ತದೆ. ಅದರ ಜೊತೆಗೇ ಹಿಂದಿನ ಟಾಸ್ಕಿನ ಬಿಸಿಯೂ ತಾನಾಗಿ ಆರುತ್ತದೆ. ಯಾವುದರಿಂದ ಕಾಸ್ಟ್ ಇಳಿಯಿತು? ಬೇರ್ಪಡಿಸಲು ಮೈರನ್ 1996ರಲ್ಲಿ ಬಳಸಿದ ಕ್ಯೂ ವಿಧಾನ ಹಿಡಿಯಿರಿ: ಒಟ್ಟು ಅಂತರ 1500 ಮಿ.ಸೆ. ಎಂದು ಸ್ಥಿರವಾಗಿಟ್ಟು, ಟಾಸ್ಕ್ ಹೇಳುವ ಕ್ಯೂ ಮಾತ್ರ ಒಮ್ಮೆ 1300 ಮಿ.ಸೆ. ಮುಂಚೆ, ಒಮ್ಮೆ 200 ಮುಂಚೆ ತೋರಿಸಿ.

ಒಂದು ಟಾಸ್ಕಿಗೆ ಒಂದೇ ಕ್ಯೂ ಇಟ್ಟರೆ ಕೆಟ್ಟಿತು: ಟಾಸ್ಕ್ ಬದಲಾದಾಗಲೆಲ್ಲ ಕ್ಯೂ ಕೂಡ ಬದಲಾಗುತ್ತದೆ, ಕಾಸ್ಟ್ ಯಾವುದರಿಂದ ಬಂತೆಂದು ತಿಳಿಯದು. ಲೋಗನ್ ಮತ್ತು ಬುಂಡೆಸನ್ 2003ರಲ್ಲಿ ಎತ್ತಿದ ಆಕ್ಷೇಪ ಇದೇ. ಅಕ್ಷರಕ್ಕೆ "ಅಕ್ಷರ", "ವರ್ಣ", ಅಂಕಿಗೆ "ಅಂಕಿ", "ಸಂಖ್ಯೆ" ಎಂದು ಎರಡೆರಡು ಪದ ಇಡಿ. ಕ್ಯೂ ಬದಲಾಗಿ ಟಾಸ್ಕ್ ಅದೇ ಉಳಿದ ಟ್ರಯಲ್‌ಗಳನ್ನು ಟಾಸ್ಕೇ ಬದಲಾದವುಗಳಿಂದ ಕಳೆದರೆ ನಿಜವಾದ ಕಾಸ್ಟ್ ಸಿಗುತ್ತದೆ.

ಇನ್ನು ರೆಸಿಡ್ಯುಯಲ್ ಕಾಸ್ಟ್. ಪ್ರಚೋದಕ (ಇಲ್ಲಿ ಅಕ್ಷರ–ಅಂಕಿ ಜೋಡಿ) ಕಣ್ಣೆದುರಿಗೆ ಬರುವವರೆಗೆ ಸಿದ್ಧತೆ ಪೂರ್ತಿಯಾಗದು ಎಂಬುದು ರಾಜರ್ಸ್–ಮಾನ್ಸೆಲ್ ವಾದ. ಡಿ ಯಾಂಗ್ (2000) ಪ್ರಕಾರ ಪೂರ್ತಿ ಸಿದ್ಧತೆ ಸಾಧ್ಯ, ಕೆಲವು ಟ್ರಯಲ್‌ಗಳಲ್ಲಿ ಅದು ಶುರುವೇ ಆಗುವುದಿಲ್ಲ. ಸರಾಸರಿ ನೋಡಿದರೆ ಇದು ಬಗೆಹರಿಯದು. ರಿಯಾಕ್ಷನ್ ಟೈಮ್‌ಗಳನ್ನು ವೇಗದ ಕ್ರಮದಲ್ಲಿ ಹತ್ತು ಪಾಲು ಮಾಡಿ. ದೀರ್ಘ ಅಂತರದಲ್ಲಿ ಅತಿ ವೇಗದ ಪಾಲಿನಲ್ಲಿ ಕಾಸ್ಟ್ ಹೆಚ್ಚುಕಡಿಮೆ ಇಲ್ಲದೆ, ನಿಧಾನದ ಪಾಲಿನಲ್ಲಿ ಉಬ್ಬಿದರೆ ಡಿ ಯಾಂಗ್ ಕಡೆ ವಾಲಬಹುದು. ನನ್ನ ಒಲವೂ ಅತ್ತಲೇ.

ಉತ್ತರ 3

ಮುಂದಿನ ಸೆಮಿಸ್ಟರ್‌ಗೆ ಇದನ್ನೇ ಭಾಷೆಗೆ ಒಯ್ಯುವುದಿದ್ದರೆ ಮ್ಯೂಟರ್ ಮತ್ತು ಆಲ್ಪೋರ್ಟ್ (1999) ದಾರಿ ಇದೆ: ಅಂಕಿ ತೋರಿಸಿ, ಹಿನ್ನೆಲೆಯ ಬಣ್ಣಕ್ಕೆ ತಕ್ಕಂತೆ ಈ ಭಾಷೆಯಲ್ಲೋ ಆ ಭಾಷೆಯಲ್ಲೋ ಹೇಳಿಸುವುದು. ಅವರಿಗೆ ಬಲವಾದ ಭಾಷೆಗೆ ಮರಳುವಾಗಲೇ ಕಾಸ್ಟ್ ಹೆಚ್ಚು ಕಂಡಿತು. ದುರ್ಬಲ ಭಾಷೆ ಆಡುವಾಗ ಬಲವಾದದ್ದನ್ನು ಜೋರಾಗಿ ಅದುಮಬೇಕು, ಅದುಮಿದ್ದು ತಕ್ಷಣ ಮೇಲೇಳುವುದಿಲ್ಲ ಎಂಬುದು ಅವರ ವಿವರಣೆ.

ಕನ್ನಡ–ಇಂಗ್ಲಿಷ್‌ನಲ್ಲಿ ಒಂದು ತೊಡಕಿದೆ. ಮನೆಮಾತು ಕನ್ನಡವೇ ಆದರೂ ಫೋನ್ ನಂಬರ್ ಹೇಳುವುದು ಇಂಗ್ಲಿಷ್‌ನಲ್ಲಿ ಎನ್ನುವವರು ಬಹಳ. ಅಂಕಿಗಳ ಮಟ್ಟಿಗೆ ಅವರ ಬಲವಾದ ಭಾಷೆ ಯಾವುದು? ಮೊದಲು ಬರೀ ಕನ್ನಡ, ಬರೀ ಇಂಗ್ಲಿಷ್ ಬ್ಲಾಕ್ ನಡೆಸಿ ಅಳೆದುಕೊಳ್ಳಿ. ವಾಯ್ಸ್ ಕೀಯನ್ನು (ಧ್ವನಿ ಕೇಳಿದೊಡನೆ ಸಮಯ ದಾಖಲಿಸುವ ಸಾಧನ) ನೆಚ್ಚಬೇಡಿ: "ಸಿಕ್ಸ್", "ಸೆವೆನ್"ಗಳ ಮೊದಲ "ಸ" ಮೆತ್ತಗಿರುವುದರಿಂದ ಅದು ತಡವಾಗಿ ಹಿಡಿಯುತ್ತದೆ, "ಆರು", "ಏಳು" ಬಾಯಿಬಿಟ್ಟ ಕೂಡಲೇ ಸಿಗುತ್ತವೆ. ಧ್ವನಿ ರೆಕಾರ್ಡ್ ಮಾಡಿ, ಅಲೆಯ ಚಿತ್ರ ನೋಡಿ ಮಾತಿನ ಆರಂಭವನ್ನು ಕೈಯಾರೆ ಗುರುತಿಸಿ.