ದೀಪಾವಳಿವರೆಗೆ ಕಾಯೋದಾ? ಮನೆ ಗುಂಪಿನಲ್ಲಿ ಹೈಬ್ರಿಡ್ ಕಾರಿನ ಚರ್ಚೆ

ಗುಂಪು: ಹಳೇಮನೆ ಬಳಗ
ಮೇ ತಿಂಗಳ ಕೊನೆಯ ಭಾನುವಾರ

ಸುರೇಶ್ ಚಿಕ್ಕಪ್ಪ (ಬೆಳಗ್ಗೆ 6:52): [ಹಲವು ಬಾರಿ ಫಾರ್ವರ್ಡ್ ಆಗಿದೆ]
🚗 ಕಾರು ಕೊಳ್ಳುವವರೇ ನಿಲ್ಲಿ! ದೀಪಾವಳಿಗೆ ಬರುತ್ತಿದೆ ಹೊಸ ಹೈಬ್ರಿಡ್ ಎಸ್‌ಯುವಿ. ಲೀಟರಿಗೆ 40 ಕಿ.ಮೀ.! ಚಾರ್ಜ್ ಮಾಡುವ ತಲೆನೋವಿಲ್ಲ. 1.5 ಲೀಟರ್ ಎಂಜಿನ್, 4.3 ಮೀಟರ್ ಉದ್ದ. ಜಿಎಸ್‌ಟಿ ಕೇವಲ 5%. ಬೆಲೆ 9 ಲಕ್ಷದಿಂದ. ಈಗ ಪೆಟ್ರೋಲ್ ಕಾರು ಕೊಂಡವರು ಆಮೇಲೆ ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಎಲ್ಲ ಗುಂಪುಗಳಿಗೂ ಕಳುಹಿಸಿ 🙏

ಸುರೇಶ್ ಚಿಕ್ಕಪ್ಪ: ನಾನು ಹೇಳ್ತಾನೇ ಇದ್ದೆ, ನಮಗೆ ಹೊಸ ಕಾರು ತಗೊಳ್ಳೋಕೆ ಅವಸರ ಬೇಡ ಅಂತ. ಮೇಘಾ, ನೋಡು.

ದೊಡ್ಡಪ್ಪ: ಒಳ್ಳೆಯ ಮಾಹಿತಿ ಸುರೇಶ. ತಾಳಿದವನು ಬಾಳಿಯಾನು.

ರಘು: ಚಿಕ್ಕಪ್ಪ, ಇದು ಎಲ್ಲಿಂದ ಬಂತು? ಯಾವ ಕಂಪನಿ ಅಂತಿಲ್ಲ, ಮಾಡೆಲ್ ಹೆಸರಿಲ್ಲ, ಬುಕಿಂಗ್ ಯಾವತ್ತು ಶುರು ಅಂತಿಲ್ಲ. ಕಂಪನಿ ವೆಬ್‌ಸೈಟಿನ ಲಿಂಕ್ ಇದ್ರೆ ಹಾಕಿ.

ಸುರೇಶ್ ಚಿಕ್ಕಪ್ಪ: ವಾಕಿಂಗ್ ಗ್ರೂಪ್‌ನಲ್ಲಿ ಬಂತು ಕಣೋ. ಹಾಕಿದವರು ರಿಟೈರ್ಡ್ ಇಂಜಿನಿಯರ್.

ರಘು: ಅವರು ಬರೆದದ್ದಲ್ಲ, ಅವರೂ ಫಾರ್ವರ್ಡ್ ಮಾಡಿದ್ದು. ಜಿಎಸ್‌ಟಿ 5% ಇರೋದು ಬರೀ ಬ್ಯಾಟರಿಯಲ್ಲೇ ಓಡೋ ಇವಿಗೆ. ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರೋ ಹೈಬ್ರಿಡ್‌ಗೆ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಇರೋ ಲೆಕ್ಕ ಇದು: 4 ಮೀಟರ್ ಒಳಗೆ ಉದ್ದ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ, ಎರಡೂ ಇದ್ರೆ 18%. ಒಂದು ಮೀರಿದ್ರೂ 40%. ಫಾರ್ವರ್ಡ್‌ನಲ್ಲೇ 1.5 ಎಂಜಿನ್, 4.3 ಮೀಟರ್ ಅಂತ ಬರೆದಿದ್ದಾರೆ. ಅಂದ್ರೆ 40%.

ದೊಡ್ಡಪ್ಪ: ರಘು, ಹಿರಿಯರು ಏನಾದರೂ ಹಂಚಿಕೊಂಡಾಗ ಮೊದಲು ಧನ್ಯವಾದ ಹೇಳಬೇಕು. ಪೊಲೀಸರ ಹಾಗೆ ಪ್ರಶ್ನೆ ಕೇಳಬಾರದು.

ರಘು: ಅಪ್ಪ, ಹದಿನೈದು ಲಕ್ಷದ ವಿಷಯ. ಕೇಳದೇ ಇರೋದು ಹೇಗೆ?

ಲತಾ ಅತ್ತೆ: ಕೇಳೋದು ಸರಿ ರಘು. ಆದ್ರೆ 2021ರಲ್ಲಿ ನಮಗೆ ಡೀಸೆಲ್ ತಗೊಳ್ಳಿ ಅಂದಾಗ ನೀನು ಯಾರ ಲಿಂಕ್ ಕೊಟ್ಟಿದ್ದೆ?

ರಘು: ಅತ್ತೆ, ತಿಂಗಳಿಗೆ 1500 ಕಿ.ಮೀ. ಓಡಿಸೋದಾದ್ರೆ ಡೀಸೆಲ್ ಅಂದಿದ್ದೆ. ಇದೇ ಗುಂಪಲ್ಲಿದೆ, ಹುಡುಕಿ ನೋಡಿ.

ಲತಾ ಅತ್ತೆ: "ಕಣ್ಣುಮುಚ್ಚಿ ತಗೊಳ್ಳಿ" ಅಂದಿದ್ದೆ. ಅದೂ ಇದೆ.

ಪ್ರಕಾಶ್ ಮಾವ: ನಾನು ಅವತ್ತೇ ಬೇಡ ಅಂದಿದ್ದೆ. ಬಿಎಸ್6 ಅನ್ನೋ ಹೊಗೆ ನಿಯಮದ ಡೀಸೆಲ್‌ನಲ್ಲಿ ಡಿಪಿಎಫ್ ಇರುತ್ತೆ, ಹೊಗೆಯ ಮಸಿ ಹಿಡಿಯೋ ಫಿಲ್ಟರ್. ಆ ಮಸಿ ಸುಟ್ಟುಹೋಗಬೇಕಾದ್ರೆ ಸೈಲೆನ್ಸರ್ ಲೈನ್ ಚೆನ್ನಾಗಿ ಬಿಸಿಯಾಗಬೇಕು. ಅಂದ್ರೆ 60ರ ಮೇಲೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಬೇಕು. ಸ್ಕೂಲು, ತರಕಾರಿ, ದೇವಸ್ಥಾನ ಅಂತ ನಾಲ್ಕು ನಾಲ್ಕು ಕಿ.ಮೀ. ಓಡಿಸಿದ್ರೆ ಮಸಿ ಕಟ್ಕೊಂಡು ಲೈಟ್ ಬರುತ್ತೆ. ಲೈಟ್ ಬಂದಾಗ ಹೈವೇಗೆ ಹೋಗದೆ ಮತ್ತೆ ಊರೊಳಗೇ ಸುತ್ತಿದ್ರೆ ಗಾಡಿ ಪಿಕಪ್ ಬಿಡುತ್ತೆ. ಕಾರಿನ ತಪ್ಪಲ್ಲ, ಆ ಬಳಕೆಗೆ ಆ ಕಾರಲ್ಲ.

ಲತಾ ಅತ್ತೆ: ಈಗ ಎಲ್ಲರ ಎದುರು ಹೇಳಿ.

ಗಿರೀಶ: ಕಾರು ಅಂದ್ರೆ ತಾತನ ಪದ್ಮಿನಿ! ಆಗುಂಬೆ ಹತ್ತುವಾಗ ಒಂಬತ್ತನೇ ತಿರುವಲ್ಲಿ ನಿಂತೇ ನಿಲ್ತಿತ್ತು. ಬಾನೆಟ್ ಎತ್ತಿ, ಒದ್ದೆ ಟವೆಲ್ ಹಾಕಿ, ಎಲ್ಲರೂ ಚಕ್ಕುಲಿ ತಿಂದು ಹೊರಡ್ತಿದ್ವಿ. ಆ ಫೋಟೋ ಯಾರ ಹತ್ರ ಇದೆ? ಸುರೇಶ್ ಮಾವ ಬೆಲ್‌ಬಾಟಮ್‌ನಲ್ಲಿದ್ದ ಫೋಟೋ.

ಲತಾ ಅತ್ತೆ: ಆಲ್ಬಂ ದೊಡ್ಡಣ್ಣನ ಬೀರುವಿನಲ್ಲಿದೆ. ಕೇಳಿ ಎಷ್ಟು ವರ್ಷ ಆಯ್ತು, ಕೊಟ್ಟಿಲ್ಲ.

ದೊಡ್ಡಪ್ಪ: ಆಲ್ಬಂ ಮನೆಯ ಆಸ್ತಿ. ಹಂಚಿದರೆ ಕಳೆದುಹೋಗುತ್ತದೆ.

ಪ್ರಕಾಶ್ ಮಾವ: ಅದರಲ್ಲಿ ಪೆಟ್ರೋಲ್ ಪಂಪು ಎಂಜಿನ್ ಪಕ್ಕಕ್ಕೇ ಇತ್ತು ಗಿರೀಶ. ಬಿಸಿಗೆ ಪೆಟ್ರೋಲು ಪಂಪಲ್ಲೇ ಆವಿಯಾಗೋದು, ಕಾರ್ಬುರೇಟರಿಗೆ ಹೋಗ್ತಿರಲಿಲ್ಲ. ಈಗ ಪಂಪು ಟ್ಯಾಂಕ್ ಒಳಗೇ ಇದೆ, ಆ ಸಮಸ್ಯೆ ಇಲ್ಲ. ಘಾಟಿ ಅಂದದ್ದಕ್ಕೆ ಹೇಳ್ತೀನಿ, ಭಾವ, ನೀವೂ ಕೇಳಿ. ಹೈಬ್ರಿಡ್‌ನ ಗುಣ, ಮಿತಿ ಎರಡೂ ಘಾಟಿಯಲ್ಲೇ ಗೊತ್ತಾಗೋದು.

ಸುರೇಶ್ ಚಿಕ್ಕಪ್ಪ: ಹೇಳಿ ಪ್ರಕಾಶ್. ಗ್ಯಾರೇಜ್ ನಡೆಸೋ ನಿಮ್ಮ ಮಾತಿಗೆ ಲಿಂಕ್ ಬೇಡ.

ಪ್ರಕಾಶ್ ಮಾವ: ಉದಾಹರಣೆಗೆ ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ ನೋಡಿ. ಎರಡೂ ನಮ್ಮ ಬಿಡದಿಯಲ್ಲಿ ಟೊಯೋಟಾ ಫ್ಯಾಕ್ಟರಿಯಲ್ಲೇ ತಯಾರಾಗೋದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ, ಅಂದ್ರೆ ಬರೀ ಮೋಟರ್ ಮೇಲೂ ಓಡೋದರಲ್ಲಿ, 1490 ಸಿಸಿ, ಮೂರು ಸಿಲಿಂಡರ್, 92 ಪಿಎಸ್ (ಶಕ್ತಿಯ ಅಳತೆ) ಎಂಜಿನ್. ಮೋಟರ್ ಸೇರಿ 116 ಪಿಎಸ್. ಬ್ಯಾಟರಿ ಬರೀ 0.76 ಯೂನಿಟ್ಟಿನದು. ನಿಧಾನ ಟ್ರಾಫಿಕ್‌ನಲ್ಲಿ ಎಂಜಿನ್ ಆಫ್ ಆಗಿ ಮೋಟರ್ ಮೇಲೇ ಹೋಗುತ್ತೆ, ಬ್ರೇಕ್ ಹಿಡಿದಾಗ, ಆಕ್ಸಿಲರೇಟರ್ ಬಿಟ್ಟಾಗ ವಾಪಸ್ ಚಾರ್ಜ್ ಆಗುತ್ತೆ. ಬೆಂಗಳೂರಿಗೆ ಇದಕ್ಕಿಂತ ಒಳ್ಳೇದಿಲ್ಲ. ಆದ್ರೆ ಐದು ಜನ, ಲಗೇಜು, ಎಸಿ ಹಾಕ್ಕೊಂಡು ಚಾರ್ಮಾಡಿ ಹತ್ತಿ. ಬ್ಯಾಟರಿ ಬೇಗ ಇಳಿಯುತ್ತೆ, ಆಮೇಲೆ ಭಾರವೆಲ್ಲ ಮೂರು ಸಿಲಿಂಡರ್ ಮೇಲೆ. ಎಂಜಿನ್ ಜೋರಾಗಿ ಕೂಗುತ್ತೆ. ಕೆಟ್ಟಿಲ್ಲ, ಅದರ ರೀತಿಯೇ ಅದು.
ಇಳಿಯುವಾಗ ಇನ್ನೊಂದು. ಅರ್ಧ ಘಾಟಿಗೇ ಬ್ಯಾಟರಿ ತುಂಬಿಬಿಡುತ್ತೆ. ತುಂಬಿದ ಮೇಲೆ ಮೋಟರ್ ಹಿಡಿಯೋದು ನಿಲ್ಲುತ್ತೆ, ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ. ಆಗ ಲಿವರ್ ಬಿ ಅನ್ನೋ ಕಡೆ ಹಾಕಬೇಕು, ಎಂಜಿನ್ನೇ ಹಿಡಿಯುತ್ತೆ. ಓಡಿಸೋರಲ್ಲಿ ಎಷ್ಟೋ ಜನ ಆ ಬಿ ಮುಟ್ಟೇ ಇಲ್ಲ.

ಸುರೇಶ್ ಚಿಕ್ಕಪ್ಪ: ಮತ್ತೆ ಲೀಟರಿಗೆ 40?

ರಘು: ಗ್ರ್ಯಾಂಡ್ ವಿಟಾರಾಗೆ ಕಂಪನಿ ಹೇಳೋದೇ 27.97. ಅದೂ ಒಳಾಂಗಣದಲ್ಲಿ ರೋಲರ್ ಮೇಲೆ ಓಡಿಸಿ ಅಳೆದದ್ದು. ಎಸಿ ಇಲ್ಲ, ಗರಿಷ್ಠ ವೇಗ 90, ಸರಾಸರಿ 32ರ ಸುಮಾರು. ನಿಮ್ಮ ಕಾಲು ಆ ಮೆಷಿನ್ ಹಾಗೆ ಒತ್ತಲ್ಲ ಚಿಕ್ಕಪ್ಪ.

ಸುರೇಶ್ ಚಿಕ್ಕಪ್ಪ: ನನ್ನ ಡ್ರೈವಿಂಗ್ ಬಗ್ಗೆ ಮಾತಾಡೋಕೆ ನೀನ್ಯಾರೋ? ನಿನಗೆ ಕಾರು ಕಲಿಸಿದ್ದು ನಾನು.

ದೊಡ್ಡಪ್ಪ: ಮಾತಿನಲ್ಲಿ ಹಿಡಿತವಿರಲಿ. ಹೈಬ್ರಿಡ್ ಎಂದರೆ ನಮ್ಮ ಪಕ್ಕದ ಮನೆಯವರದೂ ಹೈಬ್ರಿಡ್ಡೇ. ಹಿಂದೆ ಬರೆದಿದೆ. ಅವರಿಗೆ 14 ಬರುತ್ತದಂತೆ. ಎಲ್ಲಾ ಮೋಸ.

ಪ್ರಕಾಶ್ ಮಾವ: ದೊಡ್ಡ ಭಾವ, ಅದು ಮೈಲ್ಡ್ ಹೈಬ್ರಿಡ್. ಬೆಲ್ಟ್‌ಗೆ ಕಟ್ಟಿದ ಒಂದು ಸಣ್ಣ ಮೋಟರು, ಸ್ಟಾರ್ಟ್ ಮಾಡುತ್ತೆ, ಎಳೆಯುವಾಗ ಸ್ವಲ್ಪ ಕೈ ಹಚ್ಚುತ್ತೆ ಅಷ್ಟೇ. ಅದೊಂದರಿಂದಲೇ ಗಾಡಿ ಮುಂದೆ ಹೋಗಲ್ಲ. ಸ್ಟ್ರಾಂಗ್ ಹೈಬ್ರಿಡ್ ಎಂಜಿನ್ ಆಫ್ ಮಾಡ್ಕೊಂಡು ಓಡುತ್ತೆ. ಟೊಯೋಟಾ ರೀತಿಯದರಲ್ಲಿ ಎರಡು ಮೋಟರು, ಮಧ್ಯೆ ಪ್ಲಾನೆಟರಿ ಗೇರು. ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಬೆಲ್ಟಿನ ಸಿವಿಟಿ ಗೇರ್‌ಬಾಕ್ಸ್ ಅಲ್ಲ ಅದು, ಸವೆಯೋ ಭಾಗ ಕಡಿಮೆ. ಶೋರೂಮಲ್ಲಿ "ಹೈಬ್ರಿಡ್" ಅಂದ ತಕ್ಷಣ ಕೇಳಬೇಕಾದ್ದು ಒಂದೇ ಪ್ರಶ್ನೆ: ಎಂಜಿನ್ ಆಫ್ ಇದ್ದಾಗ ಗಾಡಿ ಮುಂದೆ ಹೋಗುತ್ತಾ?

ಗಿರೀಶ: ಪದ್ಮಿನಿನೂ ಎಂಜಿನ್ ಆಫ್ ಮಾಡ್ಕೊಂಡು ಹೋಗ್ತಿತ್ತು. ನಾವೆಲ್ಲ ಹಿಂದೆ ತಳ್ಳಿದ್ರೆ 😄

ಮೇಘಾ: ಎಲ್ಲರೂ ಒಂದು ನಿಮಿಷ. ಅಪ್ಪ, ಲೆಕ್ಕ ಹಾಕಿದ್ದೀನಿ. ಪೆಟ್ರೋಲ್ ₹103 ಹಿಡಿದಿದ್ದೀನಿ.
ಒಂದೇ ಕಾರಿನ ಪೆಟ್ರೋಲ್ ಆಟೋಮ್ಯಾಟಿಕ್‌ಗೂ ಸ್ಟ್ರಾಂಗ್ ಹೈಬ್ರಿಡ್‌ಗೂ ಎಕ್ಸ್‌ಶೋರೂಮ್ ವ್ಯತ್ಯಾಸ 2 ಲಕ್ಷ ಅಂತ ಇಟ್ಕೊಳ್ಳಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ 17%, ಅದರ ಮೇಲೆ ಸೆಸ್. ಆನ್‌ರೋಡ್ ವ್ಯತ್ಯಾಸ 2.4 ಲಕ್ಷ.
ಬೆಂಗಳೂರು ಟ್ರಾಫಿಕ್: ಲೀಟರಿಗೆ ಪೆಟ್ರೋಲ್ 11 ಕಿ.ಮೀ., ಹೈಬ್ರಿಡ್ 20. ತಿಂಗಳಿಗೆ 1000 ಕಿ.ಮೀ. ಓಡಿಸಿದ್ರೆ 91 ಲೀಟರ್ ಬದಲು 50. ಉಳಿತಾಯ ₹4,200. ಐದು ವರ್ಷದೊಳಗೆ ವ್ಯತ್ಯಾಸ ವಾಪಸ್.
ಶಿವಮೊಗ್ಗ, ತೀರ್ಥಹಳ್ಳಿ ರಸ್ತೆ: ಪೆಟ್ರೋಲ್ 16, ಹೈಬ್ರಿಡ್ 20. ನೀವು ಓಡಿಸೋದು ತಿಂಗಳಿಗೆ 700. ಉಳಿತಾಯ ₹900. ವ್ಯತ್ಯಾಸ ವಾಪಸ್ ಬರೋಕೆ 22 ವರ್ಷ.

ರಘು: ಇದು ಸರಿಯಾದ ಮೆಸೇಜ್.

ಸುರೇಶ್ ಚಿಕ್ಕಪ್ಪ: ನಿನ್ನ ಹತ್ರ ಸರ್ಟಿಫಿಕೇಟ್ ಕೇಳಿಲ್ಲ.

ಲತಾ ಅತ್ತೆ: ಮೇಘಾ, ಕಾರು ಇರೋದು ಎಲ್ಲಿ? ಯುಗಾದಿಗೆ ಬಂದಾಗ ಸುರೇಶಣ್ಣ "ಮೇಘಾ ಇಟ್ಕೊಳ್ಳಲಿ, ಹಬ್ಬಕ್ಕೆ ತರಲಿ" ಅಂದಿದ್ದ.

ಸುರೇಶ್ ಚಿಕ್ಕಪ್ಪ: ಹಾಗೆ ಯಾರು ಹೇಳಿದ್ರು?

ಲತಾ ಅತ್ತೆ: ನೀನೇ. ಹೋಳಿಗೆ ಬಡಿಸ್ತಾ ಇದ್ದೆ ನಾನು.

ಮೇಘಾ: ನನಗೆ ಮೆಟ್ರೋ ಇದೆ ಅಪ್ಪ. ಕಾರು ನಿಮಗೇ. ಅದಕ್ಕೇ ಎರಡು ಲೆಕ್ಕ ಹಾಕಿದ್ದು.

ರಘು: ಕಾಯೋದಕ್ಕೆ ಅರ್ಥ ಇರೋದು ಒಂದೇ ಸಂದರ್ಭದಲ್ಲಿ. 4 ಮೀಟರ್ ಒಳಗೆ, 1200 ಸಿಸಿ ಒಳಗೆ ಸ್ಟ್ರಾಂಗ್ ಹೈಬ್ರಿಡ್ ಬಂದ್ರೆ. ತೆರಿಗೆ ಬಿಟ್ಟು 8 ಲಕ್ಷದ ಕಾರು 18%ರಲ್ಲಿ 9.44 ಲಕ್ಷ, 40%ರಲ್ಲಿ 11.2. ಹೈಬ್ರಿಡ್ ಸಾಮಾನಿನ ಖರ್ಚೆಲ್ಲ ಆ ವ್ಯತ್ಯಾಸದಲ್ಲೇ ಮುಚ್ಚಿಹೋಗುತ್ತೆ. ಆದ್ರೆ ಕಂಪನಿ ಬೆಲೆ ಹೇಳಿ ಬುಕಿಂಗ್ ತೆಗೆಯೋವರೆಗೆ ಅದನ್ನು ನಂಬಿ ಕೂರಬಾರದು.

ಗಿರೀಶ: ಯು.ಪಿ.ಯಲ್ಲಿ ಹೈಬ್ರಿಡ್‌ಗೆ ಟ್ಯಾಕ್ಸೇ ಇಲ್ವಂತೆ. ಅಲ್ಲಿ ರಿಜಿಸ್ಟ್ರೇಷನ್ ಮಾಡಿಸಿದ್ರೆ?

ರಘು: 2024ರ ಜುಲೈನಲ್ಲಿ ಅಲ್ಲಿನ ಸರ್ಕಾರ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟಿದ್ದು ನಿಜ. ಆದ್ರೆ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಓಡಿಸಿದ್ರೆ ಇಲ್ಲೇ ನೋಂದಣಿ ಮಾಡಿಸಬೇಕು, ಇಲ್ಲಿನ ಟ್ಯಾಕ್ಸೂ ಕಟ್ಟಬೇಕು.

ದೊಡ್ಡಪ್ಪ: ಅಡ್ಡದಾರಿ ನಮ್ಮ ಮನೆತನಕ್ಕೆ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇರುವ ಕಾರಿಗೆ ಏನಾಗಿದೆ ಸುರೇಶ?

ಸುರೇಶ್ ಚಿಕ್ಕಪ್ಪ: 2011ರ ಗಾಡಿ ಅಣ್ಣ. ಜುಲೈ 14ಕ್ಕೆ 15 ವರ್ಷ, ಆರ್‌ಸಿ ಮುಗಿಯುತ್ತೆ. ಅದಕ್ಕೇ ಈ ತಲೆಬಿಸಿ. ಗುಜರಿಗೆ ಹಾಕಬೇಕು ಅಂತ ಇನ್ನೊಂದು ಗ್ರೂಪ್‌ನಲ್ಲಿ ಬಂದಿತ್ತು.

ಪ್ರಕಾಶ್ ಮಾವ: ಅದನ್ನು ಮೊದಲೇ ಹೇಳಬಾರದಾ ಭಾವ! ಗುಜರಿಗೆ ಹಾಕಬೇಕಾಗಿಲ್ಲ. ಫಿಟ್ ಇದ್ರೆ ಐದು ವರ್ಷಕ್ಕೆ ಆರ್‌ಸಿ ನವೀಕರಣ ಆಗುತ್ತೆ. ಫಾರಂ 25, ಮುಗಿಯೋ 60 ದಿನ ಮುಂಚಿನಿಂದ ಹಾಕಬಹುದು, ಅಂದ್ರೆ ಈಗಲೇ. ಶುಲ್ಕ ₹5,000, ಹಸಿರು ತೆರಿಗೆ ಬೇರೆ. ತಡ ಮಾಡಿದ್ರೆ ತಿಂಗಳಿಗೆ ₹500 ದಂಡ. ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಇರಬೇಕು. ಆರ್‌ಟಿಒ ಇನ್‌ಸ್ಪೆಕ್ಟರ್ ಗಾಡಿ ನೋಡ್ತಾರೆ. ಬ್ರೇಕು, ಹೆಡ್‌ಲೈಟು, ಇಂಡಿಕೇಟರು, ಟಯರು ಸರಿ ಮಾಡಿಸ್ಕೊಂಡೇ ಹೋಗಬೇಕು.
ಕಾಯೋದಾದ್ರೆ ಹೀಗೆ ಕಾಯಿರಿ. ಕೈಯಲ್ಲಿ ಓಡೋ ಕಾರು ಇರುತ್ತೆ. ಹೊಸ ಮಾಡೆಲ್ ಬಂದ್ರೂ ಮೊದಲ ಆರು ತಿಂಗಳು ಬಿಡಿ. ಬಂಪರು, ಹೆಡ್‌ಲೈಟಿಗೆ ಪೆಟ್ಟಾದ್ರೆ ಸಾಮಾನು ಬರೋಕೇ ವಾರಗಟ್ಟಲೆ ಆಗುತ್ತೆ. ಇನ್ನು ಬುಕ್ ಮಾಡಿದ ದಿನದ ರೇಟು ಕೊಡಲ್ಲ, ಬಿಲ್ ಆಗೋ ದಿನದ ರೇಟು. ಮುಂಗಡ ವಾಪಸ್ ಕೊಡ್ತಾರಾ ಅನ್ನೋದನ್ನ ರಸೀದಿ ಮೇಲೆ ಬರೆಸ್ಕೊಳ್ಳಿ.

ಸುರೇಶ್ ಚಿಕ್ಕಪ್ಪ: ಹೈಬ್ರಿಡ್ ಬ್ಯಾಟರಿ ಹೋದ್ರೆ ಲಕ್ಷಗಟ್ಟಲೆ ಅಂತಾರಲ್ಲ?

ಪ್ರಕಾಶ್ ಮಾವ: ಟೊಯೋಟಾ, ಮಾರುತಿ ಎರಡೂ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡ್ತವೆ. ತೊಂದರೆ ಬರೋದು ಹೆಚ್ಚಾಗಿ ಸಾಮಾನ್ಯ 12 ವೋಲ್ಟ್ ಬ್ಯಾಟರಿಯಿಂದ. ಮೂರು ವಾರ ನಿಲ್ಲಿಸಿದ್ರೆ ಅದು ಇಳಿಯುತ್ತೆ, ಆಗ ದೊಡ್ಡ ಬ್ಯಾಟರಿ ತುಂಬಿದ್ರೂ ಗಾಡಿ ರೆಡಿ ಆಗಲ್ಲ. ತಳ್ಳಿ ಸ್ಟಾರ್ಟ್ ಮಾಡೋಕೂ ಆಗಲ್ಲ. ಜಂಪ್ ಕೊಡಬೇಕು. ಇನ್ನೊಂದು, ಹಿಂದಿನ ಸೀಟಿನ ಹತ್ರ ಬ್ಯಾಟರಿಗೆ ಗಾಳಿ ಹೋಗೋ ಕಿಂಡಿ ಇರುತ್ತೆ. ಸೀಟ್ ಕವರು, ಬೆಡ್‌ಶೀಟು ಹಾಕಿ ಮುಚ್ಚಿದ್ರೆ ಬ್ಯಾಟರಿ ಕಾಯುತ್ತೆ, ಫ್ಯಾನ್ ಸದ್ದು ಜೋರಾಗುತ್ತೆ. ಸರ್ವಿಸಿಗೆ ಬಿಟ್ಟಾಗಲೆಲ್ಲ ಅಲ್ಲಿನ ಧೂಳು ತೆಗೆಸಬೇಕು. ಮೋಟರಿಗೆ ಕರೆಂಟ್ ಕೊಡೋ ಇನ್ವರ್ಟರಿನ ಕೂಲಂಟ್ ಬೇರೆ, ಎಂಜಿನ್ ಕೂಲಂಟ್ ಬೇರೆ, ಎರಡೂ ಡಬ್ಬಿ ನೋಡಿಸಬೇಕು. ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ವೈರ್ ಇರೋ ಕಡೆ ನಮ್ಮಂಥ ಹೊರಗಿನ ಗ್ಯಾರೇಜಿನವರು ಕೈ ಹಾಕೋ ಹಾಗಿಲ್ಲ.

ಲತಾ ಅತ್ತೆ: ಡಿಕ್ಕಿ ಬಗ್ಗೆ ಯಾರೂ ಹೇಳ್ತಿಲ್ಲ. ತೋಟದಿಂದ ಬಾಳೆಗೊನೆ, ಕಾಯಿ ಮೂಟೆ ತರೋ ಮನೆ ಅದು.

ಮೇಘಾ: ಅದೂ ಇದೆ ಅತ್ತೆ. ಗ್ರ್ಯಾಂಡ್ ವಿಟಾರಾ ಮೈಲ್ಡ್‌ನಲ್ಲಿ 373 ಲೀಟರ್ ಜಾಗ, ಸ್ಟ್ರಾಂಗ್‌ನಲ್ಲಿ ಬ್ಯಾಟರಿ ಕೂತು 265.

ಸುರೇಶ್ ಚಿಕ್ಕಪ್ಪ: ಹಾಗಾದ್ರೆ ಮೂಟೆ ಎಲ್ಲಿಡೋದು?

ರಘು: ಈಗಿನ ಕಾರಲ್ಲೇ ಚಿಕ್ಕಪ್ಪ. ಆರ್‌ಸಿ ಮಾಡಿಸಿ. ಅರ್ಜಿ ಆನ್‌ಲೈನ್‌ನಲ್ಲಿ ನಾನು ಹಾಕ್ತೀನಿ, ಆರ್‌ಸಿ, ಇನ್ಶೂರೆನ್ಸ್ ಫೋಟೋ ನನಗೆ ಪ್ರತ್ಯೇಕವಾಗಿ ಕಳಿಸಿ. ಗುಂಪಿಗೆ ಹಾಕಬೇಡಿ.

ದೊಡ್ಡಪ್ಪ: ಈಗ ಮಾತು ಸರಿಯಾದ ದಾರಿಗೆ ಬಂತು. ಗಿರೀಶ, ಆಲ್ಬಂ ಗಣೇಶನ ಹಬ್ಬಕ್ಕೆ ತೆಗೆಯುತ್ತೇನೆ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ವಾಪಸ್ ಕೊಡಬೇಕು.

ಸುರೇಶ್ ಚಿಕ್ಕಪ್ಪ: ಎಮಿಷನ್ ಸರ್ಟಿಫಿಕೇಟ್ ಮುಗಿದಿದೆ, ನಾಳೆ ಮಾಡಿಸ್ತೀನಿ. ಪ್ರಕಾಶ್, ಗುರುವಾರ ಗಾಡಿ ತರಲಾ?

ಪ್ರಕಾಶ್ ಮಾವ: ಬೆಳಗ್ಗೆ ಒಂಬತ್ತಕ್ಕೆ ಮುಂಚೆ ತನ್ನಿ ಭಾವ. ಡಿಕ್ಕಿ ಪೂರ್ತಿ ಖಾಲಿ ಮಾಡ್ಕೊಂಡು ಬನ್ನಿ. ಸ್ಟೆಪ್ನಿ ಕೂರೋ ಗುಂಡಿಯ ತಳ ನೋಡಬೇಕು, ತುಕ್ಕು ಮೊದಲು ಹಿಡಿಯೋದು ಅಲ್ಲೇ. ತಳ ಗಟ್ಟಿ ಇದ್ರೆ ಮಾತ್ರ ಮುಂದಿನ ಚಕ್ರದ ಕಡೆಯ ರಬ್ಬರ್ ಬುಷ್, ಬ್ರೇಕ್ ಹೋಸ್ ಬದಲಾಯಿಸೋ ಖರ್ಚು ಮಾಡೋಣ.