ಗುಣಮಟ್ಟ ವಿಭಾಗದವರನ್ನು ಕೇಳಿ: ಈ ವಾರದ ಪ್ರಶ್ನೋತ್ತರ

ನಿರ್ವಾಹಕರು: ಆಸ್ಪತ್ರೆ ಆಡಳಿತ ಓದುತ್ತಿರುವವರೂ ವಾರ್ಡಿನಿಂದ ಗುಣಮಟ್ಟ ವಿಭಾಗಕ್ಕೆ ಹೋಗಬೇಕೆಂದಿರುವ ನರ್ಸ್‌ಗಳೂ ಈ ಗುಂಪಿನಲ್ಲಿ ಹೆಚ್ಚು. ಹಾಗಾಗಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಗುಣಮಟ್ಟ ವ್ಯವಸ್ಥಾಪಕಿಯವರನ್ನು ಕರೆದಿದ್ದೇವೆ. ಹನ್ನೊಂದು ವರ್ಷ ಸ್ಟಾಫ್ ನರ್ಸ್ ಆಗಿದ್ದವರು, ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ಕೇಳಿ. ಫಾರ್ವರ್ಡ್ ಸಂದೇಶ ಬೇಡ.

ವಿದ್ಯಾರ್ಥಿನಿ, ಹುಬ್ಬಳ್ಳಿ: ನಮಸ್ಕಾರ ಮೇಡಂ. ಅಪಾಯ ನಿರ್ವಹಣೆ, ಗುಣಮಟ್ಟ ಖಾತರಿ, ಯುಟಿಲೈಸೇಷನ್ ರಿವ್ಯೂ ಮೂರನ್ನೂ ಒಂದೇ ಪತ್ರಿಕೆಯಲ್ಲಿ ಇಟ್ಟಿದ್ದಾರೆ. ಓದಿದಷ್ಟೂ ಮೂರೂ ಒಂದೇ ಎನಿಸುತ್ತದೆ.

ವ್ಯವಸ್ಥಾಪಕಿ: ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಒಬ್ಬ ಅಜ್ಜಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ರಾತ್ರಿ ಬಚ್ಚಲಿಗೆ ಹೋಗುವಾಗ ಇವರು ಬೀಳಬಹುದೇ, ನೆಲ ಒದ್ದೆಯಿದೆಯೇ, ಕರೆಗಂಟೆ ಕೈಗೆ ಎಟುಕುತ್ತದೆಯೇ ಎಂದು ಬೀಳುವ ಮೊದಲೇ ಯೋಚಿಸುವುದು ಅಪಾಯ ನಿರ್ವಹಣೆ. ಪ್ರತಿ ಪಾಳಿಯಲ್ಲೂ ಬೀಳುವ ಅಪಾಯದ ಅಂಕ ಬರೆದಿದ್ದಾರೆಯೇ, ಈ ತಿಂಗಳು ಸಾವಿರ ರೋಗಿ-ದಿನಗಳಿಗೆ ಎಷ್ಟು ಜನ ಬಿದ್ದರು ಎಂದು ನೋಡುವುದು ಗುಣಮಟ್ಟ ಖಾತರಿ. ಆರನೆಯ ದಿನವೂ ಅಜ್ಜಿ ಆ ಹಾಸಿಗೆಯಲ್ಲೇ ಇರಬೇಕೇ, ಇರಬೇಕೆಂದು ಹೇಳಿದವರು ಯಾರು, ಯಾವ ಆಧಾರದ ಮೇಲೆ ಎಂದು ಕೇಳುವುದು ಮೂರನೆಯದು, ಯುಟಿಲೈಸೇಷನ್ ರಿವ್ಯೂ. ಅಜ್ಜಿ ಒಬ್ಬರೇ, ಕೇಳುವ ಪ್ರಶ್ನೆ ಬೇರೆ. ಪರೀಕ್ಷೆಗೆ, ಆರೈಕೆಯ ಗುಣಮಟ್ಟ ಅಳೆಯುವ ಬಗ್ಗೆ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಹೇಳಿದ ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ಕಂಬಗಳನ್ನು ಬರೆಯಿರಿ. ಅಂಕ ಸಿಗುತ್ತದೆ.

ಲ್ಯಾಬ್ ತಂತ್ರಜ್ಞ, ಹಾಸನ: ಯಾವ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆ ಮೇಡಂ?

ವ್ಯವಸ್ಥಾಪಕಿ: ಪೂರ್ಣಾವಧಿ ಓದುವುದಾದರೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ, ಅಂದರೆ ಎಂಎಚ್‌ಎ. ಕೆಲಸದಲ್ಲಿದ್ದುಕೊಂಡೇ ಓದುವುದಾದರೆ ಇಗ್ನೋದ ಡಿಪ್ಲೊಮಾ ಇದೆ. ವಿದೇಶದ ಕಡೆ ಕಣ್ಣಿದ್ದರೆ ಆರೋಗ್ಯ ಸೇವೆಯ ಗುಣಮಟ್ಟದಲ್ಲಿ ಪ್ರಮಾಣಪತ್ರ ಕೊಡುವ ಅಮೆರಿಕದ ಸಿಪಿಎಚ್‌ಕ್ಯೂ ಪರೀಕ್ಷೆ. 140 ಪ್ರಶ್ನೆ, ಅದರಲ್ಲಿ ಅಂಕಕ್ಕೆ ಸೇರುವುದು 125. ಎಲ್ಲಕ್ಕಿಂತ ಮೊದಲು, ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಸಂಸ್ಥೆಯ ಮಾನದಂಡದ ಪುಸ್ತಕ ಓದಿ. ಆರನೆಯ ಆವೃತ್ತಿ 2025ರಲ್ಲಿ ಬಂದಿದೆ. 2020ರ ಐದನೆಯದನ್ನು ಇನ್ನೂ ಗಿಳಿಪಾಠ ಮಾಡುತ್ತಿರುವವರಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿದ್ದರೆ ರಾಷ್ಟ್ರೀಯ ಗುಣಮಟ್ಟ ಮಾನದಂಡವಾದ ಎನ್‌ಕ್ಯೂಎಎಸ್ ಮತ್ತು ಸ್ವಚ್ಛತೆಗೆ ಸಂಬಂಧಿಸಿದ ಕಾಯಕಲ್ಪ ಯೋಜನೆಯ ಪರಿಶೀಲನಾ ಪಟ್ಟಿಗಳು ಸಾಕು.

ಫಾರ್ಮಸಿಸ್ಟ್, ಕೋಲಾರ: ಸಂಬಳ ಎಷ್ಟಿರುತ್ತದೆ?

ಸ್ಟಾಫ್ ನರ್ಸ್, ತುಮಕೂರು: ಮೇಡಂ, ಹೆಸರು ಹೇಳುವುದಿಲ್ಲ. ನಮ್ಮದು 50 ಹಾಸಿಗೆಯ ಆಸ್ಪತ್ರೆ. ಕಳೆದ ವಾರ ರಾತ್ರಿ ಪಾಳಿಯಲ್ಲಿ ರೋಗಿಯ ನಾಳದಲ್ಲಿದ್ದ ಕ್ಯಾನುಲಾ (ಔಷಧ ಕೊಡುವ ಕೊಳವೆ) ಫ್ಲಶ್ ಮಾಡಲು, ಅಂದರೆ ತೊಳೆಯಲು, ಸಲೈನ್ ಎಂದುಕೊಂಡು ಪೊಟ್ಯಾಸಿಯಂ ಕ್ಲೋರೈಡನ್ನು ಸಿರಿಂಜಿಗೆ ಎಳೆದುಕೊಂಡುಬಿಟ್ಟಿದ್ದೆ. ಜೊತೆಯ ಸಿಸ್ಟರ್ ಟ್ರೇಯಲ್ಲಿದ್ದ ಖಾಲಿ ಆಂಪೂಲ್ ನೋಡಿ ಕೂಗಿದರು. ರೋಗಿಗೆ ಕೊಡಲಿಲ್ಲ. ಬೆಳಿಗ್ಗೆ ನಾನೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. ಈಗ ‘ನಿರ್ಲಕ್ಷ್ಯಕ್ಕೆ ವಿವರಣೆ ಕೊಡಿ’ ಎಂದು ಮೆಮೊ ಬಂದಿದೆ. ಮೂಲಕಾರಣ ವಿಶ್ಲೇಷಣೆಯ ನಮೂನೆಯನ್ನೂ ನನ್ನ ಕೈಗೇ ಕೊಟ್ಟಿದ್ದಾರೆ. ‘ಕಾರಣ’ ಎಂಬಲ್ಲಿ ಏನು ಬರೆಯಲಿ?

ವ್ಯವಸ್ಥಾಪಕಿ: ಸಿಸ್ಟರ್, ಎರಡು ವಿಷಯ ತಿಳಿಸಿ. ಎರಡೂ ಆಂಪೂಲ್ ಪ್ಲಾಸ್ಟಿಕ್ಕಿನವೇ? ಎಲ್ಲಿ ಇಟ್ಟಿದ್ದರು?

ಸ್ಟಾಫ್ ನರ್ಸ್, ತುಮಕೂರು: ಹೌದು, ಎರಡೂ 10 ಮಿ.ಲೀ. ಪ್ಲಾಸ್ಟಿಕ್. ತಲೆ ತಿರುಚಿ ತೆಗೆಯುವಂಥವು. ಎಮರ್ಜೆನ್ಸಿ ಟ್ರೇಯಲ್ಲಿ ಅಕ್ಕಪಕ್ಕದ ಖಾನೆ. ಮೊದಲು ಪೊಟ್ಯಾಸಿಯಂ ಗಾಜಿನದು ಬರುತ್ತಿತ್ತು. ಹೋದ ತಿಂಗಳಿನಿಂದ ಬೇರೆ ಕಂಪನಿಯದು.

ವ್ಯವಸ್ಥಾಪಕಿ: ‘ಹೋದ ತಿಂಗಳಿನಿಂದ’ ಎಂದಿರಲ್ಲ, ನಿಮ್ಮ ವಿಶ್ಲೇಷಣೆಯ ಮೊದಲ ಸಾಲು ಅದೇ.

ಓದುತ್ತಿರುವವರಿಗೆ ಇದು ಏಕೆ ದೊಡ್ಡದು ಎಂದು ಹೇಳುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಮಿ.ಲೀ. ಆಂಪೂಲಿನಲ್ಲಿ 1.5 ಗ್ರಾಂ, ಅಂದರೆ 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ದ್ರವದಲ್ಲಿ ಬೆರೆಸಿ, ಗಂಟೆಗಟ್ಟಲೆ ನಿಧಾನವಾಗಿ ಇಳಿಸಬೇಕಾದ ಔಷಧ. ಅದನ್ನು ಹಾಗೆಯೇ ನಾಳಕ್ಕೆ ಒತ್ತಿದರೆ ಹೃದಯ ನಿಲ್ಲುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 1998ರಲ್ಲಿ ಹೊರಡಿಸಿದ ಮೊಟ್ಟಮೊದಲ ಎಚ್ಚರಿಕೆ ಪತ್ರವೇ ಇದರ ಬಗ್ಗೆ. ಅದರಲ್ಲಿದ್ದ ಸಾವುಗಳಲ್ಲಿ ಹೆಚ್ಚಿನವು ಲೇಬಲ್ಲು, ಪೊಟ್ಟಣ ಒಂದೇ ರೀತಿ ಕಂಡದ್ದರಿಂದ ಆದವು. ಅವರು ಕೊಟ್ಟ ಪರಿಹಾರದಲ್ಲಿ ಬುದ್ಧಿವಾದ ಇರಲಿಲ್ಲ. ವಾರ್ಡಿನಿಂದ ಆ ಔಷಧವನ್ನೇ ತೆಗೆಯಿರಿ ಎಂದರು.

ನಮ್ಮಲ್ಲೂ ಇಂಥದ್ದೇ ಆಗಿತ್ತು, ಅದೂ ಕೂದಲೆಳೆಯಲ್ಲಿ ತಪ್ಪಿತ್ತು. ಹಗಲು ಟ್ರೇ ನೋಡಿದಾಗ ನನಗೆ ಏನೂ ತಪ್ಪು ಕಾಣಲಿಲ್ಲ. ರಾತ್ರಿ ಮೂರು ಗಂಟೆಗೆ ಹೋಗಿ ನಿಂತೆ. ರೋಗಿಗಳು ಮಲಗಲೆಂದು ದೊಡ್ಡ ದೀಪ ಆರಿಸಿದ್ದರು. ನರ್ಸ್ ಮೇಜಿನ ಹಳದಿ ಬಲ್ಬಿನ ಬೆಳಕಿನಲ್ಲಿ ಒಂದರ ಕೆಂಪು ಅಕ್ಷರವೂ ಇನ್ನೊಂದರ ಕಪ್ಪು ಅಕ್ಷರವೂ ಒಂದೇ ಕಂದು. ಎರಡನ್ನೂ ಕೈಯಲ್ಲಿ ಹಿಡಿದು, ಕನ್ನಡಕ ಹಾಕಿಕೊಂಡೂ, ನಾನು ತಪ್ಪು ಹೇಳಿದೆ.

ನಮೂನೆಯಲ್ಲಿ ಹೀಗೆ ಹೋಗಿ. ಗಂಟೆಗಂಟೆಯ ಪಟ್ಟಿ ಬರೆಯಿರಿ: ಪಾಳಿಯಲ್ಲಿ ಎಷ್ಟು ರೋಗಿಗಳು, ಎಷ್ಟು ನರ್ಸ್‌ಗಳು, ಆ ಹೊತ್ತಿನಲ್ಲಿ ಯಾರು ಕರೆದರು. ಆಮೇಲೆ ಏಕೆ ಎಂದು ಕೇಳುತ್ತಾ ಹೋಗಿ. ಏಕೆ ತಪ್ಪು ಆಂಪೂಲ್? ಒಂದೇ ರೀತಿ ಇತ್ತು. ಏಕೆ ಅಕ್ಕಪಕ್ಕ? ಟ್ರೇ ಜೋಡಿಸುವ ನಿಯಮ ಗಾಜಿನ ಆಂಪೂಲಿನ ಕಾಲದ್ದು. ಕಂಪನಿ ಬದಲಾದದ್ದು ವಾರ್ಡಿಗೆ ಏಕೆ ತಿಳಿಯಲಿಲ್ಲ? ಖರೀದಿಯವರು ದರ ನೋಡಿದರು, ಫಾರ್ಮಸಿಯವರು ಇಂಡೆಂಟ್ (ಬೇಡಿಕೆ ಪಟ್ಟಿ) ನೋಡಿದರು, ಆಂಪೂಲ್ ಅನ್ನು ಯಾರೂ ನೋಡಲಿಲ್ಲ. ‘ನರ್ಸ್ ಗಮನ ಕೊಡಲಿಲ್ಲ’ ಎಂದು ಬರೆದು ನಿಲ್ಲಿಸಿದರೆ ನಾಳೆ ನಿಮ್ಮ ಜಾಗದಲ್ಲಿ ನಿಂತವರ ಕೈಗೆ ಅದೇ ಆಂಪೂಲ್ ಬರುತ್ತದೆ.

ಪರಿಹಾರದ ಕಾಲಂನಲ್ಲಿ ‘ಸಿಬ್ಬಂದಿಗೆ ತರಬೇತಿ ನೀಡಲಾಗುವುದು’ ಎಂದು ಮಾತ್ರ ಬರೆಯಬೇಡಿ. ಅದು ಎಲ್ಲಕ್ಕಿಂತ ದುರ್ಬಲ ಪರಿಹಾರ. ವಾರ್ಡಿನಿಂದ ತೆಗೆದು ಫಾರ್ಮಸಿ ಅಥವಾ ಐಸಿಯುವಿನಲ್ಲಿ ಮಾತ್ರ ಇಡುವುದು ಬಲವಾದದ್ದು. ಬೆರೆಸುವಾಗ ಇಬ್ಬರು ನೋಡಿ ಸಹಿ ಹಾಕುವುದು ಅದರ ಜೊತೆಗಿರಲಿ, ಅದೊಂದೇ ಸಾಲದು. ಮೆಮೊಗೆ ಉತ್ತರ ಬೇರೆ, ಘಟನಾ ವರದಿ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಘಟನೆಯಲ್ಲಿ ಇದ್ದವರಿಂದಲೇ ವಿಶ್ಲೇಷಣೆ ಬರೆಸುವುದೂ ತಪ್ಪು. ವೈದ್ಯರು, ಫಾರ್ಮಸಿ, ಖರೀದಿ ಮೂವರೂ ಕೂರಬೇಕು ಎಂದು ಲಿಖಿತವಾಗಿ ಕೇಳಿ.

ನಿವೃತ್ತ ನರ್ಸಿಂಗ್ ಅಧೀಕ್ಷಕಿ: ಕ್ಷಮಿಸಿ, ನಮ್ಮ ಕಾಲದಲ್ಲಿ ಲೇಬಲ್ ಅನ್ನು ಮೂರು ಸಲ ಓದುತ್ತಿದ್ದೆವು. ತೆಗೆಯುವಾಗ, ಎಳೆಯುವಾಗ, ಇಡುವಾಗ. ಓದದೆ ಎಳೆದವರನ್ನು ಹೀಗೆ ಬೆನ್ನು ತಟ್ಟಿದರೆ ಶಿಸ್ತು ಎಲ್ಲಿ ಉಳಿಯುತ್ತದೆ?

ವ್ಯವಸ್ಥಾಪಕಿ: ಮೂರು ಸಲ ಓದಬೇಕು, ಒಪ್ಪುತ್ತೇನೆ. ಆದರೆ ಇವರು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದವರಿಗೆ ಮೆಮೊ ಕೊಟ್ಟರೆ ಮುಂದಿನವರು ಆಂಪೂಲ್ ಅನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ನಿವೃತ್ತ ನರ್ಸಿಂಗ್ ಅಧೀಕ್ಷಕಿ: ನಾನು ಮೂವತ್ತನಾಲ್ಕು ವರ್ಷ ಸೇವೆ ಮಾಡಿದ್ದೇನೆ.

ಕಿರಿಯ ವೈದ್ಯ, ಬೆಳಗಾವಿ: ಆ ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಆಂಪೂಲ್ ಜೇಬಿಗೆ ಹೋದವೋ ಯಾರು ಬಲ್ಲರು!

ನಿರ್ವಾಹಕರು: ಡಾಕ್ಟರೇ, ಮಾತು ಮೀರಬೇಡಿ.

ರೋಗಿಯ ಆರೈಕೆ ಮಾಡುವವರು, ದಾವಣಗೆರೆ: ಎಲ್ಲರಿಗೂ ಉಪಯುಕ್ತ ಮಾಹಿತಿ! ಹಾಸಿಗೆ ಹುಣ್ಣು ತಡೆಯಲು ಗ್ಲೌಸಿನಲ್ಲಿ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡಿ. ಕೆಂಪಾದ ಜಾಗಕ್ಕೆ ಸ್ಪಿರಿಟ್, ಪೌಡರ್ ಹಾಕಿ ಚೆನ್ನಾಗಿ ಉಜ್ಜಿ. ಹತ್ತು ಜನರಿಗೆ ಕಳುಹಿಸಿ.

ವ್ಯವಸ್ಥಾಪಕಿ: ಹತ್ತು ಜನರಿಗೆ ಕಳುಹಿಸಬೇಡಿ. ನೀರಿನ ಗ್ಲೌಸ್ ಬೇಡವೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಭಾರವೆಲ್ಲ ಸಣ್ಣ ಜಾಗದಲ್ಲಿ ಕೂರುತ್ತದೆ. ಮೀನಖಂಡದ ಉದ್ದಕ್ಕೂ ದಿಂಬು ಇಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಿ. ಕೆಂಪಾದ ಜಾಗವನ್ನು ಉಜ್ಜಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಮಗ್ಗುಲು ಬದಲಿಸಿ, ಚರ್ಮ ಒಣಗಿರುವಂತೆ ನೋಡಿಕೊಳ್ಳಿ, ವೈದ್ಯರಿಗೆ ತೋರಿಸಿ.

ರೋಗಿಯ ಆರೈಕೆ ಮಾಡುವವರು, ದಾವಣಗೆರೆ: ಇದನ್ನು ನಮಗೆ ಆಸ್ಪತ್ರೆಯ ನರ್ಸ್ ಒಬ್ಬರೇ ಹೇಳಿಕೊಟ್ಟದ್ದು.

ವ್ಯವಸ್ಥಾಪಕಿ: ಇರಬಹುದು. ನನಗೂ ತರಬೇತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದರು.

ಸ್ಟಾಫ್ ನರ್ಸ್, ಕಲಬುರಗಿ: ಯಾವ ಕೋರ್ಸ್ ಒಳ್ಳೆಯದು ಮೇಡಂ?

ವ್ಯವಸ್ಥಾಪಕಿ: ಮೇಲೆ ಇದೆ.

ವಿದ್ಯಾರ್ಥಿನಿ, ಹುಬ್ಬಳ್ಳಿ: ಅಪಾಯದ ಅಂಕ ಗುಣಿಸುವ ಲೆಕ್ಕದಲ್ಲಿ ಒಂದು ಸಂಶಯ. ಒಂದು ಅಪಾಯಕ್ಕೆ ಗಂಭೀರತೆ 10, ಸಾಧ್ಯತೆ 2, ಪತ್ತೆಯಾಗದಿರುವುದು 3, ಒಟ್ಟು 60. ಇನ್ನೊಂದು 5, 6, 4, ಒಟ್ಟು 120. ಎರಡನೆಯದನ್ನು ಮೊದಲು ಸರಿಪಡಿಸಬೇಕಲ್ಲವೇ?

ವ್ಯವಸ್ಥಾಪಕಿ: ಒಳ್ಳೆಯ ಪ್ರಶ್ನೆ. ಪುಸ್ತಕದ ಲೆಕ್ಕಕ್ಕೆ 120 ಮೊದಲು. ಆದರೆ ಗಂಭೀರತೆ 10 ಎಂದರೆ ಸಾವು. ಗುಣಾಕಾರ ಅದನ್ನು 60ರೊಳಗೆ ಮುಚ್ಚಿಟ್ಟಿದೆ. ಹಾಗಾಗಿ ಮೊದಲು ಗಂಭೀರತೆಯ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ, ಗುಣಾಕಾರ ಆಮೇಲೆ.

ರೋಗಿಯ ಮಗ, ಬೆಂಗಳೂರು: ಯುಟಿಲೈಸೇಷನ್ ರಿವ್ಯೂ ಎಂದರೆ ವಿಮೆಯವರು ಹಣ ಕತ್ತರಿಸುವ ಉಪಾಯ ತಾನೇ? ಅಪ್ಪನನ್ನು ಬೆಳಿಗ್ಗೆ ಹತ್ತಕ್ಕೆ ಬಿಡುಗಡೆ ಎಂದರು, ಹೊರಗೆ ಬಂದದ್ದು ರಾತ್ರಿ ಎಂಟಕ್ಕೆ.

ವಿಮಾ ವಿಭಾಗ, ಮಂಗಳೂರು: ಐದು ದಿನ ಮಲಗಿಸಿ ದಿನಕ್ಕೊಂದು ಆಂಟಿಬಯಾಟಿಕ್ ಮಾತ್ರ ಕೊಟ್ಟವರನ್ನು ಏಕೆ ಎಂದು ಕೇಳಬಾರದೇ? ಆ ಹಣ ಪಾಲಿಸಿದಾರರದ್ದೇ.

ಕಿರಿಯ ವೈದ್ಯ, ಬೆಳಗಾವಿ: ರೋಗಿಯನ್ನೇ ನೋಡದವರು ಫೋನಿನಲ್ಲಿ ‘ಮನೆಯಲ್ಲೇ ಕೊಡಬಹುದಿತ್ತು’ ಎನ್ನುತ್ತೀರಿ. ನಾಳೆ ಉಸಿರುಗಟ್ಟಿದರೆ ನ್ಯಾಯಾಲಯಕ್ಕೆ ನೀವು ಬರುತ್ತೀರಾ?

ವಿಮಾ ವಿಭಾಗ, ಮಂಗಳೂರು: ನೀವು ಕೇಸ್ ಶೀಟಿನಲ್ಲಿ ಉಸಿರಾಟದ ಸಂಖ್ಯೆ ಬರೆದಿದ್ದರೆ ನಾವು ಫೋನೇ ಮಾಡುತ್ತಿರಲಿಲ್ಲ.

ರೋಗಿಯ ಮಗ, ಬೆಂಗಳೂರು: ನೀವಿಬ್ಬರೂ ಜಗಳವಾಡುವಾಗ ಕಾಯುವವರು ನಾವು.

ವ್ಯವಸ್ಥಾಪಕಿ: ಕೇಸ್ ಶೀಟಿನ ವಿಷಯದಲ್ಲಿ ವಿಮೆಯವರು ಹೇಳಿದ್ದು ಸರಿ. ಬರೆಯದ್ದನ್ನು ಯಾರೂ ನಂಬುವುದಿಲ್ಲ, ನ್ಯಾಯಾಲಯವೂ ನಂಬುವುದಿಲ್ಲ. ಈ ಪರಿಶೀಲನೆ ಹುಟ್ಟಿದ್ದು ವಿಮೆಯವರ ತಲೆಯಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಹಿರಿಯರಿಗೆ ಸರ್ಕಾರಿ ಆರೋಗ್ಯ ವಿಮೆ ತಂದ 1965ರ ಮೆಡಿಕೇರ್ ಕಾನೂನು ಆಸ್ಪತ್ರೆಯೊಳಗೇ ಇಂಥ ಸಮಿತಿ ಇರಬೇಕೆಂದಿತು. 1983ರಲ್ಲಿ ಅದೇ ಮೆಡಿಕೇರ್ ಕಾಯಿಲೆಗೊಂದು ನಿಗದಿತ ದರ ತಂದ ಮೇಲೆ ಭಯ ತಿರುಗಿತು: ಹೆಚ್ಚು ದಿನ ಇಟ್ಟುಕೊಳ್ಳುತ್ತಾರೆಂಬ ಚಿಂತೆ ಹೋಗಿ ಬೇಗ ಕಳುಹಿಸಿಬಿಡುತ್ತಾರೆಂಬ ಚಿಂತೆ ಬಂತು. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜಿನಲ್ಲೂ ನೋಡಬೇಕಾದದ್ದು ಅದನ್ನೇ. ಮರುದಾಖಲಾತಿಗಳನ್ನು ಎಣಿಸಿ.

ಹತ್ತರಿಂದ ಎಂಟರ ಲೆಕ್ಕ: ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಪ್ರಕಾರ ನಗದುರಹಿತ ಚಿಕಿತ್ಸೆಗೆ ಒಂದು ಗಂಟೆಯೊಳಗೆ, ಬಿಡುಗಡೆಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ಆದರೆ ಆ ಮೂರು ಗಂಟೆ ಆರಂಭವಾಗುವುದು ಆಸ್ಪತ್ರೆಯ ಕೋರಿಕೆ ತಲುಪಿದ ಮೇಲೆ. ನಾನು ನಮ್ಮಲ್ಲಿ ಒಂದು ದಿನ ಗಡಿಯಾರ ಹಿಡಿದು ಕೂತಿದ್ದೆ. ವೈದ್ಯರು ಹೇಳಿದ್ದು 10.10. ಬಿಡುಗಡೆ ಸಾರಾಂಶ ಟೈಪ್ ಆದದ್ದು 1.30. ಉಳಿದ ಔಷಧ ಫಾರ್ಮಸಿಗೆ ಮರಳಿದ್ದು 2.45. ಅಂತಿಮ ಬಿಲ್ ವಿಮೆಗೆ ಹೋದದ್ದು 4.20. ಆರು ಗಂಟೆ ನಮ್ಮದೇ.

ವಿಮಾ ವಿಭಾಗ, ಮಂಗಳೂರು: ಇದನ್ನೇ ನಾನು ಹೇಳುತ್ತಿರುವುದು!

ವ್ಯವಸ್ಥಾಪಕಿ: ಹಿಗ್ಗಬೇಡಿ. ಅವತ್ತು ನಿಮ್ಮ ಕಡೆಯಿಂದ ಒಪ್ಪಿಗೆ ಬಂದದ್ದು 7.50ಕ್ಕೆ. ಅದು ಮೂರು ಗಂಟೆಯಲ್ಲ.

ಎಂಎಚ್‌ಎ ವಿದ್ಯಾರ್ಥಿ, ಶಿವಮೊಗ್ಗ: ಎನ್‌ಎಬಿಎಚ್‌ನ ಎಲ್ಲ ನೀತಿ ದಾಖಲೆಗಳ ಸಿದ್ಧ ಪಿಡಿಎಫ್ ಒಂದು ಗುಂಪಿನಲ್ಲಿ ಬಂದಿದೆ. ಆಸ್ಪತ್ರೆಯ ಹೆಸರು ಮಾತ್ರ ಬದಲಿಸಿದರೆ ಸಾಕಂತೆ. ಹಾಕಲೇ?

ವ್ಯವಸ್ಥಾಪಕಿ: ಬೇಡ. ಹಾಗೆ ಬದಲಿಸಿದ ಒಂದು ಆಸ್ಪತ್ರೆಯ ಬೆಂಕಿ ತುರ್ತು ಯೋಜನೆಯಲ್ಲಿ ಏಳನೆಯ ಮಹಡಿಯಿಂದ ರೋಗಿಗಳನ್ನು ಇಳಿಸುವ ವಿವರವಿತ್ತು. ಕಟ್ಟಡಕ್ಕಿದ್ದದ್ದು ಎರಡೇ ಮಹಡಿ.

ಫಿಸಿಯೋಥೆರಪಿಸ್ಟ್, ಉಡುಪಿ: ನಾವೂ ಈ ಕ್ಷೇತ್ರಕ್ಕೆ ಬರಬಹುದೇ?

ಸ್ಟಾಫ್ ನರ್ಸ್, ರಾಯಚೂರು: ಕೋರ್ಸ್ ವಿವರ ದಯವಿಟ್ಟು.

ವ್ಯವಸ್ಥಾಪಕಿ: ಮೇಲೆ. ಮೂರನೆಯ ಸಲ ಬರೆಯುವುದಿಲ್ಲ.

ಸ್ಟಾಫ್ ನರ್ಸ್, ರಾಯಚೂರು: ಕೇಳಿದ್ದಕ್ಕೆ ಇಷ್ಟು ಸಿಡುಕಬೇಕೇ? ಗೊತ್ತಿದ್ದರೆ ಏಕೆ ಕೇಳುತ್ತಿದ್ದೆವು?

ನಿವೃತ್ತ ನರ್ಸಿಂಗ್ ಅಧೀಕ್ಷಕಿ: ಅವರಿಗೆ ಹಿರಿಯರ ಮೇಲೂ ಸಿಡುಕು, ಕಿರಿಯರ ಮೇಲೂ ಸಿಡುಕು.

ನಿರ್ವಾಹಕರು: ಮೇಡಂ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದಾರೆ. ಇಲ್ಲಿಗೆ ಮುಗಿಸೋಣವೇ?

ಸ್ಟಾಫ್ ನರ್ಸ್, ತುಮಕೂರು: ಒಂದು ನಿಮಿಷ ಮೇಡಂ. ನೀವು ಹೇಳಿದ್ದನ್ನು ಇನ್‌ಚಾರ್ಜ್‌ಗೆ ತೋರಿಸಿದೆ. ಮೆಮೊ ವಾಪಸ್ ತೆಗೆದುಕೊಂಡಿಲ್ಲ. ಆದರೆ ಪೊಟ್ಯಾಸಿಯಂ ಅನ್ನು ಟ್ರೇಯಿಂದ ತೆಗೆದು ಬೀಗದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ವ್ಯವಸ್ಥಾಪಕಿ: ಪೆಟ್ಟಿಗೆ ಎಲ್ಲಿದೆ? ಕೀಲಿ ಯಾರ ಹತ್ತಿರ?

ಸ್ಟಾಫ್ ನರ್ಸ್, ತುಮಕೂರು: ವಾರ್ಡಿನಲ್ಲೇ. ಕೀಲಿ ಪೆಟ್ಟಿಗೆಯ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ.

ವ್ಯವಸ್ಥಾಪಕಿ: ಮೊಳೆಯೂ ಕೀಲಿಯೂ ಕಾಣುವಂತೆ ಫೋಟೊ ತೆಗೆದು ವರದಿಗೆ ಲಗತ್ತಿಸಿ. ನಾಳೆ ಬೆಳಿಗ್ಗೆ ಒಂಬತ್ತರ ನಂತರ ನನಗೆ ಸಂದೇಶ ಕಳುಹಿಸಿ, ಮೆಮೊಗೆ ಉತ್ತರ ಕೂತು ಬರೆಯೋಣ.